ಲೋಹಕ್ಕೆ ಅಸ್ಥಿಯ ಕಲಾಯಿ

ಹೋದ ಮಳೆಗಾಲದಲ್ಲಿ ನಮ್ಮ ಅಕ್ಕನವರು ಹುಲಿಗಿಯ ಹೊಳೆಯ ಮೆಟ್ಟಿಲಲ್ಲಿ ಜಾರಿಬಿದ್ದು ಸೊಂಟದ ಕೀಲನ್ನು ಮುರಿದುಕೊಂಡರು. ಲೋಹದ ಕೀಲು ಕೂಡಿಸಬೇಕೆಂದು ವೈದ್ಯರು ಹೇಳಲು, ಅವರು ನನ್ನ ಮುಖ ನೋಡಿ, “ತಮ್ಮಾ, ಕಬ್ಬಿಣಕ್ಕೆ ಎಲುಬು ಹತ್ತುವದೇನೋ? ಸಡಿಲಾದರೆ ಮತ್ತೆ ಕೊಯ್ಯಬೇಕಲ್ಲ?” ಎಂದರು. ಸುಶ್ರುತಸಂಹಿತೆಯ ಭಗ್ನಚಿಕಿತ್ಸೆಯಲ್ಲಿ ಅತ್ತಿ ಅರಳಿಗಳ ತೊಗಟೆಯಿಂದ ದಬ್ಬೆ ಕಟ್ಟುವ ಕ್ರಮವನ್ನು ನಾನು ಬಲ್ಲೆ. ಈ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಆ ಲೋಹವು ಬಹುಶಃ ಟೈಟೇನಿಯಂ. 1952ರಲ್ಲಿ ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿದ್ವಾಂಸರು ಮೊಲದ ಕಾಲೆಲುಬಿನಲ್ಲಿ ಇದರ ಸಣ್ಣ ಉಪಕರಣವನ್ನು ಕೂಡಿಸಿ, ಕೆಲಸ ತೀರಿದ ಮೇಲೆ ಕೀಳಹೋದರೆ ಅದು ಬರಲೊಲ್ಲದು! ಎಲುಬು ಲೋಹವನ್ನು ಹಿಡಿದುಕೊಂಡಿದ್ದಿತು. ಆದರೆ ಈ ಹಿಡಿತವು ನಿಧಾನವಾದುದು. ಅದನ್ನು ಬೇಗನೆ ಬರಿಸುವದಕ್ಕೇ ಲೇಪವು ಬೇಕಾಯಿತು. ಒಣಗಿದ ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೈಡ್ರಾಕ್ಸಿಅಪಟೈಟ್ ಎಂಬ ಸುಣ್ಣ-ರಂಜಕಗಳ ಲವಣವಿರುವದು. (ನಮ್ಮ ಕುಷ್ಟಗಿ, ಯಲಬುರ್ಗಾ ಸೀಮೆಯ ಬಾವಿನೀರಿನ ಫ್ಲೋರೈಡು ಮೈಯೊಳಗೆ ಹೊಕ್ಕು ಕೆಡಿಸುವದೂ ಈ ಲವಣವನ್ನೇ.) ಅದೇ ಲವಣವನ್ನು ಲೋಹಕ್ಕೆ ಬಳಿದರೆ ಎಲುಬಿನ ಜೀವಕೋಶಗಳು ಅದನ್ನು ತಮ್ಮದೆಂದು ಬಗೆದು ಅದರ ಮೇಲೆ ಬೆಳೆಯತೊಡಗುವವು. 1980ರ ದಶಕದಿಂದ ಸೊಂಟದ ಕೀಲುಗಳಿಗೆ ಹೀಗೆ ಲೇಪ ಕೊಡುತ್ತ ಬಂದಿರುವರು. ಅತ್ಯುಷ್ಣವಾದ ಪ್ಲಾಸ್ಮಾ ಜ್ವಾಲೆಯಲ್ಲಿ ಪುಡಿಯನ್ನು ಕರಗಿಸಿ ಲೋಹದ ಮೇಲೆ ಎರಚುವದು ಅದರ ರೂಢಿ.

ಈಗ ಲೋಹವನ್ನು ಮುದ್ರಿಸುವ ವಿದ್ಯೆ ಬಂದಿದೆ. ಟೈಟೇನಿಯಂ ಪುಡಿಯನ್ನು ಕೂದಲೆಳೆಯಂಥ ತೆಳುವಾದ ಪದರಾಗಿ ಹರವಿ, ಬೇಕಾದಲ್ಲಿ ಮಾತ್ರ ಲೇಸರ್ ಕಿರಣದಿಂದ ಕರಗಿಸಿ, ಪದರಿನ ಮೇಲೆ ಪದರು ಏರಿಸುವರು. ಇದರಿಂದ ಜೇನುಹುಟ್ಟಿನಂತೆ ಒಳಗೆಲ್ಲ ರಂಧ್ರವುಳ್ಳ ಎಲುಬನ್ನು ರೋಗಿಯ ಅಳತೆಗೆ ತಕ್ಕಂತೆ ಮಾಡಬಹುದು. ರಂಧ್ರಗಳಿಂದ ಲೋಹದ ಅತಿಗಡಸುತನವೂ ತಗ್ಗುವದು.

ತೊಡಕು ಇಲ್ಲಿಯೇ ಇದೆ. ಕಲಾಯಿಗಾರನನ್ನು ನೆನೆಯಿರಿ: ಅಗಲಬಾಯಿಯ ಪಾತ್ರೆಗೆ ಅವನು ನಿಮಿಷದಲ್ಲಿ ಕಲಾಯಿ ಹಾಕುವನು, ಗಿಂಡಿಯ ಒಳಗೆ ಕೈ ಹೋಗದು. ಎರಚಿದ ಪುಡಿಯೂ ಹಾಗೆಯೇ. ಎದುರಿಗೆ ಕಂಡ ಮೈಗೆ ಹತ್ತುವದು, ಒಳರಂಧ್ರಕ್ಕೆ ಮುಟ್ಟದು. ಆದುದರಿಂದ ದ್ರವದಲ್ಲಿ ಅದ್ದುವ ಉಪಾಯವನ್ನು ಹಿಡಿದರು. ಜಪಾನಿನ ಕೊಕುಬೊ ಎಂಬವರು 1990ರ ದಶಕದಲ್ಲಿ ಟೈಟೇನಿಯಮ್ಮನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾಯಿಸಿ, ರಕ್ತದ ಲವಣಗಳುಳ್ಳ ನೀರಿನಲ್ಲಿಟ್ಟರೆ ಆ ಲವಣವು ತಾನಾಗಿಯೇ ಮೈಗೂಡುವದೆಂದು ತೋರಿಸಿದರು. ನೀರು ಹೋಗದ ರಂಧ್ರವುಂಟೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಎಲುಬಿಗೆ ಒಗ್ಗುವ ವಸ್ತುಗಳ ಸಂಶೋಧನೆಯು ನಡೆದಿದೆ. ಅಲ್ಲಿ ದುಡಿದ ಬಿಕ್ರಮ್‌ಜಿತ್ ಬಸು ಅವರಿಗೆ 2013ರಲ್ಲಿ ಭಟ್ನಾಗರ್ ಪುರಸ್ಕಾರವು ಸಂದಿತು.

ಲೇಪವಿದ್ದ ಮಾತ್ರಕ್ಕೆ ಆಯಿತೆನ್ನಲಾಗದು. ದಪ್ಪವಾದರೆ ಅದು ಸುಣ್ಣದ ಗೋಡೆಯಂತೆ ಬಿರಿದು ಹಕ್ಕಳೆ ಏಳುವದು. ಮೊದಲ ವಾರಗಳಲ್ಲಿ ಕೀಲು ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲಿನಷ್ಟು ಅಲುಗಾಡುತ್ತಿದ್ದರೂ ಎಲುಬಿನ ಬದಲು ಮೆತ್ತನೆಯ ನಾರು ಬೆಳೆಯುವದು. ಕಾಲಿಗೆ ಭಾರ ಹಾಕಬೇಡಿರೆಂದು ವೈದ್ಯರು ಕೆಲವರನ್ನು ತಡೆಯುವದು ಇದಕ್ಕೇ. ಮುದ್ರಿಸಿದ ಕೀಲು ಎಲ್ಲರಿಗೂ ಬೇಕಾದುದಲ್ಲ. ಗಡ್ಡೆಯಿಂದಲೋ ಅಪಘಾತದಿಂದಲೋ ಎಲುಬಿನ ಭಾಗವನ್ನೇ ಕಳೆದುಕೊಂಡವರಿಗೆ ಅದರ ನಿಜವಾದ ಉಪಯೋಗ.

ಇಷ್ಟೆಲ್ಲ ತಿಳಿದು ನಾನು ದೊಡ್ಡ ಪಂಡಿತನಂತೆ ವೈದ್ಯರ ಬಳಿ ಹೋಗಿ, “ಅಕ್ಕನ ಕೀಲಿಗೆ ಯಾವ ಲೇಪ?” ಎಂದು ಕೇಳಿದೆ. ಅವರು ನಕ್ಕು, “ಮಾಸ್ತರರೇ, ಇವರ ಎಲುಬು ಸವೆದಿದೆ, ಹೊಸ ಎಲುಬು ಬೆಳೆಯಲೆಂದು ಕಾಯುವಂತಿಲ್ಲ. ಸಿಮೆಂಟಿನಂಥ ಅಂಟಿನಿಂದ ಕೂಡಿಸುವೆವು, ನಾಳೆಯೇ ನಿಲ್ಲಿಸುವೆವು” ಎಂದರು. ಹಾಗೆಯೇ ಮಾಡಿದರು. ಅಕ್ಕ ಈಗ ಕೋಲೂರಿ ಅಂಗಳದವರೆಗೆ ಬರುತ್ತಾರೆ; ಹೊಳೆಯ ಮೆಟ್ಟಿಲಿಗೆ ಮಾತ್ರ ನಾವು ಬಿಡುವದಿಲ್ಲ.