ಕುಸಿದ ಕ್ಯಾಮರೊಗೆ ಹೊಸ ಪಾಟಾ

‘ಪಾಟಾ ಕಟ್ಟಾಗಿ ಗಾಡಿ ನಿಂತಿದೆ’ ಎಂಬ ಮಾತನ್ನು ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಒಮ್ಮೆಯಾದರೂ ಕೇಳಿರುತ್ತೀರಿ. ಅದೇ ಸುದ್ದಿ ಪತ್ರಿಕೆಗೆ ಬಂದಾಗ ‘ಬ್ಲೇಡ್ ತುಂಡಾಗಿ’ ಎಂದಾಗುತ್ತದೆ. ಲಾರಿಯ ಹಿಂದಿನ ಚಕ್ರದ ಪಕ್ಕ ಬಗ್ಗಿ ನೋಡಿ. ಉದ್ದನೆಯದರ ಕೆಳಗೆ ಗಿಡ್ಡನೆಯದು, ಅದರ ಕೆಳಗೆ ಇನ್ನೂ ಗಿಡ್ಡನೆಯದು ಎಂದು ಪೇರಿಸಿ ಬಿಗಿದ ಉಕ್ಕಿನ ಪಟ್ಟಿಗಳ ಕಮಾನು ಕಾಣುತ್ತದೆ. ಅದೇ ಪಾಟಾ, ಲೀಫ್ ಸ್ಪ್ರಿಂಗ್. ಮುರಿದ ಪಾಟಾವನ್ನು ಗುಜರಿಯವನಿಗಿಂತ ಮೊದಲು ಕಮ್ಮಾರ ಕೇಳುತ್ತಾನೆ, ಅಷ್ಟು ಒಳ್ಳೆಯ ಉಕ್ಕು; ಮಲೆನಾಡಿನ ಎಷ್ಟೋ ಮಚ್ಚುಗಳು ಹಿಂದಿನ ಜನ್ಮದಲ್ಲಿ ಲಾರಿಯನ್ನು ಹೊತ್ತಿದ್ದವು. ನಮ್ಮ ಅಂಬಾಸಡರ್ ಕಾರಿಗೂ 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಹಿಂಬದಿಯಲ್ಲಿ ಇದ್ದದ್ದು ಇದೇ.

ಹಾಗಾಗಿ ಅಮೆರಿಕದ ‘ಮಸಲ್ ಕಾರು’ಗಳ ಅಡಿಯಲ್ಲೂ ಇದೇ ಪಾಟಾ ಇತ್ತು ಎಂದರೆ ಕೆಲವರಿಗೆ ನಿರಾಸೆಯಾಗಬಹುದು. ಸಾಧಾರಣ ಗಾತ್ರದ ಎರಡು ಬಾಗಿಲಿನ ಕಾರಿಗೆ ದೈತ್ಯ ವಿ-8 ಎಂಜಿನ್ ತುರುಕಿ, 1960ರ ದಶಕದ ನಡುವಿನಿಂದ ಡೆಟ್ರಾಯಿಟ್‌ನವರು ಮಾರಿದ ಗಾಡಿಗಳಿವು. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ದಿಣ್ಣೆಗಳ ಮೇಲೆ ಹಾರಿ ಹಾರಿ ಬೀಳುವ ಹಸಿರು ಮಸ್ಟಾಂಗ್ ಮತ್ತು ಕಪ್ಪು ಡಾಡ್ಜ್ ಚಾರ್ಜರ್ ನೆನಪಿವೆಯೇ? ಎರಡರ ಹಿಂಭಾಗವೂ ನಿಂತಿದ್ದು ಪಾಟಾ ಮೇಲೆ. ಎಲ್ಲ ಮಸಲ್ ಕಾರುಗಳೂ ಹೀಗಲ್ಲ. 1964ರ ಪಾಂಟಿಯಾಕ್ ಜಿಟಿಒ ಹಿಂದೆ ಸುರುಳಿ ಸ್ಪ್ರಿಂಗ್ ಇತ್ತು. ಆದರೆ ಇಂದು ಹಳೆಯ ಕಾರಿಗೆ ಜೀವ ತುಂಬುವವರನ್ನು ಹೆಚ್ಚು ಗೋಳು ಹೊಯ್ದುಕೊಳ್ಳುವುದು ಪಾಟಾ ಇರುವ ಕಾರುಗಳೇ. ಅದರಲ್ಲೂ ಷೆವರ್ಲೆಯವರ 1967ರ ಕ್ಯಾಮರೊ ಕಥೆ ಸ್ವಾರಸ್ಯದ್ದು.

ಕಥೆಗೆ ಮೊದಲು ಒಂದು ಪ್ರಯೋಗ. ಇನ್ನೂರು ಪುಟದ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಸಲೀಸಾಗಿ ಬಾಗುತ್ತದೆ. ಈಗ ಅದರ ಅಂಚು ನೋಡಿ, ನೇರವಾಗಿದ್ದದ್ದು ಇಳಿಜಾರಾಗಿದೆ. ಅಂದರೆ ಹಾಳೆಗಳು ಒಂದರ ಮೇಲೊಂದು ಜಾರಿವೆ. ಅಷ್ಟೇ ದಪ್ಪದ ಹಲಗೆಯನ್ನು ಹೀಗೆ ಬಗ್ಗಿಸಹೋದರೆ ಬಗ್ಗುವುದಿಲ್ಲ, ಬಗ್ಗಿದರೆ ಮುರಿಯುತ್ತದೆ. ಪಟ್ಟಿಯೊಂದರ ಬಿಗಿತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಬಿಗಿತನ ಎಂಟು ಪಟ್ಟು. ಅದೇ ದಪ್ಪವನ್ನು ಐದು ತೆಳು ಪಟ್ಟಿಗಳಾಗಿ ಸೀಳಿ ಪೇರಿಸಿದರೆ ಬಿಗಿತನ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಮುರಿಯದೆ ಐದು ಪಟ್ಟು ಹೆಚ್ಚು ಬಾಗುತ್ತದೆ. ಪಾಟಾದ ಗುಟ್ಟೆಲ್ಲ ಇಷ್ಟೇ. ಇದು ಕುದುರೆ ಗಾಡಿಯ ಕಾಲದ ಜಾಣತನ. ಇಂಗ್ಲೆಂಡಿನ ಗಾಡಿ ತಯಾರಕ ಒಬಡಾಯಾ ಎಲಿಯಟ್ ಇಂಥ ಕಮಾನುಗಳ ಮೇಲೆ ಸಾರೋಟು ಕೂರಿಸುವುದಕ್ಕೆ ಪೇಟೆಂಟ್ ಪಡೆದದ್ದು 1804ರಲ್ಲಿ.

ಆದರೆ ಮಸಲ್ ಕಾರಿನ ಪಾಟಾಕ್ಕೆ ಭಾರ ಹೊರುವುದೊಂದೇ ಕೆಲಸವಲ್ಲ. ಸುರುಳಿ ಸ್ಪ್ರಿಂಗ್ ಕುಳಿತು ಏಳುವುದನ್ನು ಬಿಟ್ಟರೆ ಬೇರೇನೂ ಮಾಡದು. ಆಕ್ಸಲ್ ಹಿಂದೆ ಮುಂದೆ, ಆಚೆ ಈಚೆ ಹೋಗದಂತೆ ಹಿಡಿಯಲು ಬೇರೆ ಸರಳುಗಳು ಬೇಕು. ಪಾಟಾ ಇರುವ ಕಾರಿನಲ್ಲಿ ಆ ಸರಳುಗಳಿಲ್ಲ. ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿರುವುದೂ ಪಾಟಾ, ಚಕ್ರದ ತಳ್ಳುವಿಕೆಯನ್ನು ಕಾರಿಗೆ ದಾಟಿಸುವುದೂ ಪಾಟಾ, ಬ್ರೇಕ್ ಒತ್ತಿದಾಗ ಸೆಣಸುವುದೂ ಅದೇ. ಅವಿಭಕ್ತ ಕುಟುಂಬದ ಹಿರಿ ಸೊಸೆಯ ಹಾಗೆ.

ಅದರ ಮೇಲೆ ಬೀಳುವ ಪೆಟ್ಟನ್ನು ಲೆಕ್ಕ ಹಾಕೋಣ. 1967ರ ಕ್ಯಾಮರೊ ಎಸ್‌ಎಸ್ 350ರ ಎಂಜಿನ್ 5.7 ಲೀಟರಿನದು. ಕಂಪನಿ ಹೇಳಿದ ಶಕ್ತಿ 295 ಅಶ್ವಶಕ್ತಿ, ತಿರುಚುಬಲ ಸುಮಾರು 515 ನ್ಯೂಟನ್ ಮೀಟರ್. ಮೊದಲ ಗೇರು ಅದನ್ನು ಎರಡೂವರೆ ಪಟ್ಟು ಮಾಡುತ್ತದೆ, ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರಗಳು ಮತ್ತೆ ಮೂರು ಪಟ್ಟಿಗೂ ಮಿಕ್ಕಿ. ಕಾಗದದ ಮೇಲೆ 4000 ನ್ಯೂಟನ್ ಮೀಟರ್ ದಾಟಿತು. ಒಂದು ಮೀಟರ್ ಉದ್ದದ ಹಾರೆಯ ತುದಿಗೆ 400 ಕಿಲೋ ತೂಗು ಹಾಕಿದಂತೆ. ಚಕ್ರ ಮುಂದಕ್ಕೆ ತಿರುಗುವಾಗ ಅದೇ ಬಲ ಆಕ್ಸಲ್ಲಿನ ಕವಚವನ್ನು ಹಿಂದಕ್ಕೆ ತಿರುಚುತ್ತದೆ. ತಡೆಯುವವರು ಯಾರು? ಮತ್ತೆ ಪಾಟಾವೇ. ಅದರ ಮುಂದಿನ ಅರ್ಧ ಮೇಲಕ್ಕೆ ಉಬ್ಬಿ, ಹಿಂದಿನ ಅರ್ಧ ಕೆಳಕ್ಕೆ ಬಾಗಿ, ಇಡೀ ಪಾಟಾ ಮಲಗಿದ ಹಾವಿನ ಆಕಾರ ತಾಳುತ್ತದೆ. ಟೈರಿನ ಹಿಡಿತ ತಪ್ಪಿದ ಕೂಡಲೇ ಅದು ಫಟ್ಟನೆ ಹಿಂದಿರುಗುತ್ತದೆ, ಟೈರು ಮತ್ತೆ ನೆಲ ಕಚ್ಚುತ್ತದೆ, ಮತ್ತೆ ತಿರುಚು. ಸೆಕೆಂಡಿಗೆ ಹಲವು ಬಾರಿ ಹೀಗಾದಾಗ ಕಾರಿನ ಹಿಂಭಾಗ ಗುದ್ದಲಿ ಹೊಡೆದಂತೆ ರಸ್ತೆಯ ಮೇಲೆ ಕುಣಿಯುತ್ತದೆ.

ಕ್ಯಾಮರೊ ವಿಷಯದಲ್ಲಿ ಷೆವರ್ಲೆ ಎಡವಿದ್ದು ಇಲ್ಲೇ. 1967ರಲ್ಲಿ ಅವರು ಕಟ್ಟಿನ ಬದಲು ಪ್ರತಿ ಬದಿಗೆ ಒಂದೇ ಒಂದು ಪಟ್ಟಿ ಕೊಟ್ಟರು. ಮೊದಲೇ ‘ಷೆವಿ 2’ ಎಂಬ ಬಡಪಾಯಿ ಕುಟುಂಬದ ಕಾರಿನಲ್ಲಿ ಬಳಸಿದ್ದ ಒಂಟಿ ಪಾಟಾ ಅದು. ಅಗ್ಗ, ಹಗುರ, ಪಟ್ಟಿಗೆ ಪಟ್ಟಿ ತಿಕ್ಕುವ ಕಿರಿಕಿರಿಯಿಲ್ಲ. ಮನೆಯವರನ್ನು ಕೂರಿಸಿಕೊಂಡು ಸಂತೆಗೆ ಹೋಗಲು ಬೇಕಾದಷ್ಟಾಯಿತು. ವಿ-8ರ ತಿರುಚಿಗೆ ಅದು ಸಾಲಲಿಲ್ಲ. ಮೊದಲ ವರ್ಷ ಕೆಲವು ಕಾರುಗಳಿಗೆ ಬಲಬದಿಯಲ್ಲಿ ಒಂದು ಸರಳು ಕೊಟ್ಟು ತೇಪೆ ಹಾಕಿದರು. 1968ಕ್ಕೆ ಬುದ್ಧಿ ಬಂತು: ಬಲಿಷ್ಠ ಎಂಜಿನ್‌ಗಳ ಹಿಂದೆ ಹಲವು ಪಟ್ಟಿಯ ಪಾಟಾ ಬಂತು, ಎರಡೂ ಶಾಕ್ ಅಬ್ಸಾರ್ಬರ್‌ಗಳು ಆಕ್ಸಲ್ಲಿನ ಮುಂದೆಯೇ ಇದ್ದದ್ದು ಹೋಗಿ ಒಂದು ಮುಂದೆ, ಒಂದು ಹಿಂದೆ ಆದವು. ಆಕ್ಸಲ್ ತಿರುಚಿಕೊಳ್ಳಲು ಹೊರಟರೆ ಅವೆರಡೂ ಎದುರು ಬದುರು ನಿಂತು ತಡೆಯುತ್ತವೆ. ಕ್ರೈಸ್ಲರ್ ಕಂಪನಿಯವರು ನನ್ನ ಲೆಕ್ಕದಲ್ಲಿ ಇನ್ನೂ ಚತುರರು. ಆಕ್ಸಲ್ಲನ್ನು ಪಾಟಾದ ಮಧ್ಯಕ್ಕಿಂತ ಮುಂದೆ ಕೂರಿಸಿ, ಮುಂದಿನ ತುಂಡನ್ನು ಗಿಡ್ಡ ಮತ್ತು ಗಡುಸು ಮಾಡಿದರು. ಅದೇ ಅರ್ಧಂಬರ್ಧ ಸರಳಿನಂತೆ ಕೆಲಸ ಮಾಡಿತು. ಡ್ರೈವ್‌ಶಾಫ್ಟ್ ಬಲಗಡೆಯ ಚಕ್ರವನ್ನು ನೆಲದಿಂದ ಎತ್ತಲು ನೋಡುತ್ತದೆಂದು ಅವರ ರೇಸಿನ ಪಾಟಾಗಳಲ್ಲಿ ಬಲಗಡೆಯದು ಎಡದ್ದಕ್ಕಿಂತ ಬಿಗಿ. ಎಡ ಬಲ ಅದಲು ಬದಲಾದರೆ ಕಾರು ಸೊಟ್ಟಗೆ ನಿಲ್ಲುತ್ತದೆ.

ಇಂಥ ಕಾರಿಗೆ ಈಗ ಅರವತ್ತರ ಹತ್ತಿರ ವಯಸ್ಸು. ಸದಾ ಭಾರ ಹೊತ್ತು ಹೊತ್ತು ಉಕ್ಕಿನ ಬಾಗು ಮೆಲ್ಲಗೆ ಚಪ್ಪಟೆಯಾಗಿರುತ್ತದೆ. ಮಿಷಿಗನ್‌ನಂಥ ಕಡೆ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಪಟ್ಟಿಗಳ ನಡುವೆ ತುಕ್ಕು ಹಿಡಿಸಿರುತ್ತದೆ. ತುಕ್ಕು ಕೊರೆದ ಒಂದು ಚುಕ್ಕೆ ಸಾಕು, ಬಿರುಕು ಅಲ್ಲಿಂದಲೇ ಶುರು. ಹೊಸ ಪಾಟಾ ತಯಾರಿಸುವಾಗ ಪಟ್ಟಿಯ ಮೇಲೆ ಸಣ್ಣ ಉಕ್ಕಿನ ಗುಂಡುಗಳ ಮಳೆ ಸುರಿಸಿ ಮೇಲ್ಪದರವನ್ನು ಅದುಮಿ ಬಿಗಿಗೊಳಿಸುವುದು ಬಿರುಕು ಬಾಯಿ ಬಿಡಬಾರದೆಂದೇ.

ಬದಲಿಸುವ ಕೆಲಸ ಶುರುವಾಗುವುದು ಟೇಪಿನಿಂದ. ನೆಲದಿಂದ ಹಿಂದಿನ ಮಡ್ಗಾರ್ಡಿನ ಅಂಚಿನವರೆಗೆ ಎರಡೂ ಬದಿ ಅಳೆದು ಬರೆದಿಡಬೇಕು. ಆಮೇಲೆ ಕಾರನ್ನು ಎತ್ತಿ ಬಾಡಿಯ ಅಡಿಗೆ ಸ್ಟ್ಯಾಂಡು ಕೊಟ್ಟು, ಆಕ್ಸಲ್ಲಿಗೆ ಬೇರೆಯೇ ಜಾಕ್ ಕೊಡಬೇಕು. ಆಕ್ಸಲ್ಲನ್ನು ಹಿಡಿದಿರುವುದೇ ಪಾಟಾ ಎಂದೆನಲ್ಲ. ಜಾಕ್ ಇಲ್ಲದೆ ಅದನ್ನು ಬಿಚ್ಚಿದರೆ ಆಕ್ಸಲ್ ಬ್ರೇಕಿನ ರಬ್ಬರ್ ನಳಿಕೆಗೆ ಜೋತು ಬೀಳುತ್ತದೆ. ಶಾಕ್ ಕಳಚಿ, ಪಾಟಾವನ್ನು ಆಕ್ಸಲ್ಲಿಗೆ ಒತ್ತಿ ಹಿಡಿದ ಕೆಳತಟ್ಟೆಯ ಬೋಲ್ಟುಗಳನ್ನು ಬಿಚ್ಚಿ, ಪಾಟಾದ ಹಿಂದಿನ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್ ಕಳಚುವವರೆಗೆ ಎಲ್ಲ ಸುಗಮ. ಪಾಟಾದ ಮುಂದಿನ ತುದಿಯ ಸುರುಳಿಯ, ಅಂದರೆ ಕಣ್ಣಿನ ಬೋಲ್ಟು ಮಾತ್ರ ಅಲ್ಲಿನ ರಬ್ಬರ್ ಬುಷ್‌ನ ಒಳಗೊಳವೆಯ ಜೊತೆ ತುಕ್ಕಿನಲ್ಲಿ ಒಂದಾಗಿ ಕೂತಿರುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು ಒಂದು ದಾರಿ, ಗರಗಸ ಇನ್ನೊಂದು. ಕ್ಯಾಮರೊದಲ್ಲಿ ಮುಂದಿನ ಬ್ರಾಕೆಟ್ಟನ್ನೇ ಬಾಡಿಗೆ ಮೂರು ಬೋಲ್ಟು ಹಿಡಿದಿರುತ್ತವೆ. ಅವುಗಳ ನಟ್ಟು ಒಳಗೇ ಸುತ್ತತೊಡಗಿದರೆ ಅಂದಿನ ಕೆಲಸ ಅಲ್ಲಿಗೆ ಮುಗಿದಂತೆ.

ಒಂಟಿ ಪಟ್ಟಿ ತೆಗೆದು ಹಲವು ಪಟ್ಟಿಯ ಪಾಟಾ ಹಾಕುವವರು ದಪ್ಪ ಬದಲಾಗುತ್ತದೆಂಬುದನ್ನು ಮರೆಯಬಾರದು. ಹಳೆಯ ತಟ್ಟೆ, ಹಳೆಯ ಬೋಲ್ಟು ಹೊಂದುವುದಿಲ್ಲ. ಕಟ್ಟಿನ ನಟ್ಟ ನಡುವೆ ಇರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಆಸನದ ತೂತಿನಲ್ಲಿ ಸರಿಯಾಗಿ ಕೂತಿತೇ ಎಂದು ಬೆರಳಾಡಿಸಿ ನೋಡಬೇಕು. ಬಟಾಣಿ ಗಾತ್ರದ ಆ ತಲೆಯೇ ಇಡೀ ಆಕ್ಸಲ್ಲಿನ ಜಾಗ ಹೇಳುವುದು. ಒಂದು ಬದಿ ಕೂತು ಇನ್ನೊಂದು ಬದಿ ಕೂರದಿದ್ದರೆ ಕಾರು ಏಡಿಯಂತೆ ಓರೆಯಾಗಿ ಓಡುತ್ತದೆ.

ಇನ್ನು ಹೆಚ್ಚಿನವರು ತಪ್ಪುವ ಜಾಗ. ಕಾರು ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ ಎಲ್ಲ ಬೋಲ್ಟನ್ನೂ ಬಿಗಿದು ಕೈ ಒರೆಸಿಕೊಳ್ಳುವ ಆತುರ. ಪಾಟಾದ ಕಣ್ಣಿನಲ್ಲಿರುವ ರಬ್ಬರ್ ಬುಷ್ ಬಾಗಿಲ ತಿರುಗಣಿಯಂತೆ ತಿರುಗುವುದಿಲ್ಲ. ಬೋಲ್ಟು ಬಿಗಿದೊಡನೆ ಅದರ ಒಳಗೊಳವೆ ಅಲ್ಲಾಡದಂತೆ ಸೆರೆಯಾಗುತ್ತದೆ. ಪಾಟಾ ಏರಿಳಿದಂತೆ ರಬ್ಬರು ತಾನೇ ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರಿಗೆ ಅದೇ ಆರಾಮದ ಭಂಗಿ. ಕಾರನ್ನು ಇಳಿಸಿದ ಗಳಿಗೆಯಿಂದ ಅದು ನಿಂತಲ್ಲೇ ಹಗಲೂ ರಾತ್ರಿ ತಿರುಚಿಕೊಂಡೇ ಇರಬೇಕು. ಹಿಂಭಾಗ ಸುಳ್ಳು ಎತ್ತರ ತೋರಿಸುತ್ತದೆ, ಬುಷ್ ಬೇಗ ಹರಿಯುತ್ತದೆ. ಆದ್ದರಿಂದ ಕಣ್ಣಿನ ಬೋಲ್ಟು, ಶ್ಯಾಕಲ್ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಕಾರನ್ನು ಅದರ ಚಕ್ರಗಳ ಮೇಲೆ ನಿಲ್ಲಿಸಿ, ಡಿಕ್ಕಿಯನ್ನು ನಾಲ್ಕೈದು ಸಲ ಅದುಮಿ ಕುಣಿಸಿ, ಆಮೇಲೆ ಅಡಿಗೆ ನುಸುಳಿ ಕೊನೆಯ ಬಿಗಿ ಕೊಡಬೇಕು.

ಆಗ ಶ್ಯಾಕಲ್ಲನ್ನೂ ನೋಡಿಕೊಳ್ಳಿ. ಬಿಲ್ಲು ಚಪ್ಪಟೆಯಾದರೆ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಮಾಡಿಕೊಡಲೆಂದೇ ಈ ಉಯ್ಯಾಲೆಯಂಥ ಕೊಂಡಿ ಹಿಂದೆ ಇರುವುದು. ಕಾರು ನಿಂತಾಗ ಅದರ ಕೆಳತುದಿ ತುಸು ಹಿಂದಕ್ಕೆ ವಾಲಿರಬೇಕು. ಮುಂದಕ್ಕೆ ವಾಲಿದ್ದರೆ ನೀವು ತಂದ ಪಾಟಾದ ಬಾಗು ಆ ಕಾರಿಗೆ ಹೆಚ್ಚಾಯಿತು, ಹಿಂದಿರುಗಿಸುವುದೇ ಒಳ್ಳೆಯದು.

ಮೊದಲ ದಿನ ಟೇಪು ಹಿಡಿದಾಗ ಹಿಂಭಾಗ ಬೇಕಾದ್ದಕ್ಕಿಂತ ಬೆರಳಗಲ ಎತ್ತರ ಕಂಡರೆ ಗಾಬರಿಯಾಗಬೇಡಿ, ಹೊಸ ಪಾಟಾ ಓಡಿದಂತೆ ತುಸು ಕೂರುತ್ತದೆ. ಆಕ್ಸಲ್ಲಿನ ಆಸನದ ರಬ್ಬರ್ ಮೆತ್ತೆಗಳೂ ಜೊತೆಗೆ ಅಮುಕಿಕೊಳ್ಳುವುದರಿಂದ ಕೆಳತಟ್ಟೆಯ ಬೋಲ್ಟುಗಳು ಸಡಿಲಾಗಿರುತ್ತವೆ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ ಬಂದ ಮೇಲೆ ಟೇಪಿಗಿಂತ ಮೊದಲು ಸ್ಪ್ಯಾನರ್ ಎತ್ತಿಕೊಳ್ಳಿ.