ಊದುವವರ ಹೆಸರಿನಲ್ಲೊಂದು ಧ್ವನಿಮುದ್ರಿಕೆ

ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್‌ಗಳನ್ನು ಒಂದೇ ಉಸಿರಿನಲ್ಲೆಂಬಂತೆ ಒಟ್ಟಾಗಿ ನುಡಿಸಿ, ಹಾಡಿನ ಸಾಲುಗಳ ನಡುವೆ ಚಿಕ್ಕ ಸ್ವರಗುಚ್ಛಗಳನ್ನು ಚಾಟಿಯಂತೆ ಬೀಸುವ ಪದ್ಧತಿಯು ಆಫ್ರಿಕನ್ ಮೂಲದ ಅಮೆರಿಕನ್ನರ ಸೋಲ್ ಮತ್ತು ಫಂಕ್ ಸಂಗೀತದ ಬೆನ್ನೆಲುಬು. ಸೋಲ್ ಎಂಬುದು ಚರ್ಚಿನ ಭಕ್ತಿಗಾಯನದ ಆವೇಶವನ್ನು ಲೌಕಿಕ ಹಾಡಿಗೆ ತಂದ ಪ್ರಕಾರ. ಅದೇ ಬೇರಿನಿಂದ 1960ರ ದಶಕದಲ್ಲಿ ಟಿಸಿಲೊಡೆದ ಫಂಕ್ ಮಾಧುರ್ಯಕ್ಕಿಂತ ಲಯಕ್ಕೆ, ಲಯದಲ್ಲಿಯೂ ಆವರ್ತದ ಮೊದಲ ಪೆಟ್ಟಿಗೆ ಹೆಚ್ಚಿನ ಒತ್ತು ಕೊಡುತ್ತದೆ. ತಾಳ ಹಾಕಿ ಸಂಗೀತ ಕೇಳುವ ಕನ್ನಡಿಗರಿಗೆ ಈ ಮೊದಲ ಪೆಟ್ಟು ಹೊಸದಲ್ಲ, ಅದು ಸಮ. ಕರ್ನಾಟಕ ಸಂಗೀತದ ಕೃತಿಯು ಎಷ್ಟೋ ಬಾರಿ ಸಮವನ್ನು ಬಿಟ್ಟು ಎತ್ತಿಕೊಂಡು, ಸುತ್ತಿ ಸುಳಿದು ಅಲ್ಲಿಗೆ ಮರಳುವ ಸುಖವನ್ನು ಕಾಯ್ದಿರಿಸುತ್ತದೆ, ಆದರೆ ಫಂಕ್ ಪ್ರತಿ ಆವರ್ತದಲ್ಲಿಯೂ ಸಮದ ಮೇಲೆಯೇ ಕಾಲೂರಿ ನಿಲ್ಲುತ್ತದೆ.

ಈ ಶೈಲಿಯನ್ನು ರೂಪಿಸಿದವರಲ್ಲಿ ಅಗ್ರಗಣ್ಯನಾದ ಗಾಯಕ ಜೇಮ್ಸ್ ಬ್ರೌನ್‌ನ ಹಿಂದೆ ನುಡಿಸುತ್ತಿದ್ದ ವಾದಕರ ಮೇಳವು 1970ರಲ್ಲಿ 'ದಿ ಜೆ.ಬಿ.ಸ್' ಎಂಬ ಹೆಸರನ್ನು ಪಡೆಯಿತು. 1972ರಲ್ಲಿ ಹೊರಬಂದ ಈ ಮೇಳದ ಮೊದಲ ಆಲ್ಬಮ್ 'ಫುಡ್ ಫಾರ್ ಥಾಟ್'ನ ಹೊತ್ತಿಗೆ ಅದರ ನಾಯಕತ್ವ ಟ್ರಾಂಬೋನ್ ವಾದಕ ಫ್ರೆಡ್ ವೆಸ್ಲಿಯ ಕೈಯಲ್ಲಿತ್ತು. ಯಜಮಾನನ ಮೊದಲಕ್ಷರಗಳನ್ನೇ ಹೆಸರಾಗಿ ಹೊತ್ತಿದ್ದರೂ, ಗಾಯಕನಿಗೆ ಪಕ್ಕವಾದ್ಯವಾಗಿದ್ದವರು ಹೊದಿಕೆಯ ಮೇಲೆ ತಾವೇ ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ಬೀದಿಗಳಲ್ಲಿ ಊದುವವರ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಮದುವೆಯ ದಿಬ್ಬಣ, ಗಣಪತಿ ವಿಸರ್ಜನೆ, ಜಾತ್ರೆಯ ಮೆರವಣಿಗೆಗಳಲ್ಲಿ ಈ ಎರಡೂ ಊರುಗಳ ಜನ ಕಂಡಿರುವ 'ಬ್ಯಾಂಡ್ ಸೆಟ್' ಎಂಬುದು ಟ್ರಂಪೆಟ್, ಕ್ಲಾರಿಯೋನೆಟ್, ಸ್ಯಾಕ್ಸೋಫೋನ್‌ಗಳೊಂದಿಗೆ ದೊಡ್ಡ ಡ್ರಮ್ಮು, ಸೈಡ್ ಡ್ರಮ್ಮುಗಳು ಸೇರಿದ ಮೇಳವಾಗಿದ್ದು, ರಚನೆಯ ದೃಷ್ಟಿಯಿಂದ ಫಂಕ್ ತಂಡದ ಹತ್ತಿರದ ನೆಂಟನಾಗಿದೆ. ನಡೆಯುತ್ತಲೇ ಊದಬೇಕಾಗಿರುವುದರಿಂದ ಹೆಜ್ಜೆಯೇ ಅದಕ್ಕೆ ತಾಳ. ಬಯಲಿನಲ್ಲಿ ನುಡಿಸಬೇಕಾಗಿರುವುದರಿಂದ ಸೂಕ್ಷ್ಮಕ್ಕಿಂತ ಕಸುವಿಗೆ ಬೆಲೆ. ಭದ್ರಾವತಿಯು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನೂ ಆನಂತರದ ಕಾಗದದ ಕಾರ್ಖಾನೆಯನ್ನೂ ನೆಚ್ಚಿ ಹಲವು ಭಾಷೆಗಳ ಕುಟುಂಬಗಳು ಬಂದು ನೆಲೆಸಿದ ಊರು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಚಿತ್ರಗೀತೆಗಳಿಗೆ ಕೇಳುಗರಿರುವಲ್ಲಿ ವಾದ್ಯಮೇಳಕ್ಕೆ ಭಾಷೆಯ ಹಂಗಿಲ್ಲವೆಂಬುದೇ ದೊಡ್ಡ ಅನುಕೂಲ.

ಈ ವಾದ್ಯಗಳು ಕನ್ನಡನಾಡಿನಲ್ಲಿ ಬೇರೂರಿದ್ದು ಸೈನ್ಯ ಮತ್ತು ಅರಮನೆಗಳ ಮೂಲಕ. ಮೈಸೂರು ಅರಮನೆಯು ಕರ್ನಾಟಕ ಸಂಗೀತದ ಬ್ಯಾಂಡನ್ನೂ ಪಾಶ್ಚಾತ್ಯ ಬ್ಯಾಂಡನ್ನೂ ಸಾಕಿತ್ತು. ಆ ಪರಂಪರೆ ಇಂದು ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನನ್ನು ಬಂಟ್ವಾಳ ಸೀಮೆಯ ನಾಗಸ್ವರ ಮನೆತನದ ಹುಡುಗ ಕದ್ರಿ ಗೋಪಾಲನಾಥ್ ಕಂಡದ್ದು ಆ ಅರಮನೆ ಬ್ಯಾಂಡಿನಲ್ಲಿಯೇ. ಹಿತ್ತಾಳೆಯ ಮೈಯಿದ್ದರೂ ಬಾಯಿಯಲ್ಲಿ ಬಿದಿರಿನಂಥ ಜೊಂಡಿನ ಸೀಳು, ಅಂದರೆ ರೀಡ್, ಇರುವುದರಿಂದ ಈ ವಾದ್ಯ ಟ್ರಂಪೆಟ್ಟಿಗಿಂತ ಕ್ಲಾರಿಯೋನೆಟ್ಟಿಗೆ ಹತ್ತಿರವಾದುದು. ಗುಂಡಿಗಳಿಂದ ನಿಯಂತ್ರಿತವಾಗುವ ಅದರ ಬಿಡಿ ಸ್ವರಗಳನ್ನು ಗಮಕಕ್ಕೆ, ಎಂದರೆ ಸ್ವರದಿಂದ ಸ್ವರಕ್ಕೆ ಜಾರಿ ಓಲಾಡುವ ನಡೆಗೆ, ಒಗ್ಗಿಸಲು ಅವರು ವರ್ಷಗಟ್ಟಲೆ ಶ್ರಮಿಸಿದ್ದಷ್ಟೇ ಅಲ್ಲ, ವಾದ್ಯವನ್ನೂ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದ, 2019ರಲ್ಲಿ ತೀರಿಕೊಂಡ ಈ ಮಹಾನ್ ಕಲಾವಿದ ಸ್ಯಾಕ್ಸೋಫೋನಿಗೆ ಕಛೇರಿಯ ಗೌರವ ತಂದುಕೊಟ್ಟರು. ಆದರೆ ಆ ಗೌರವ ಒಂಟಿ ವಾದಕನಿಗೆ ಸಂದದ್ದು. ಗುಂಪಾಗಿ ಊದುವವರು ಬೀದಿಯಲ್ಲಿಯೇ ಉಳಿದರು.

ಮೇಳವೊಂದಕ್ಕೆ ಹೆಸರು ದಕ್ಕಿದ ಉದಾಹರಣೆ ಕನ್ನಡನಾಡಿನಲ್ಲಿ ಇಲ್ಲದಿಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡವು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೆ 1983ರಲ್ಲಿ ಧ್ವನಿಮುದ್ರಿಸಿದ 'ಜ್ಯೋತಿ' ಆಲ್ಬಮನ್ನು ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಾಗ, ಗಾಯಕಿ ಆರ್.ಎ. ರಮಾಮಣಿಯವರ ಹೆಸರಿನೊಂದಿಗೆ ತಂಡದ ಹೆಸರೂ ಹೊದಿಕೆಯ ಮೇಲಿತ್ತು. ಅದು ಫಂಕ್ ಅಲ್ಲ. ಆದರೂ ಲಯವಾದ್ಯದವರನ್ನು ಹಿನ್ನೆಲೆಯಿಂದ ಮುನ್ನೆಲೆಗೆ ತಂದ ಆ ಕ್ರಮ ಬ್ಯಾಂಡ್ ಸೆಟ್ಟಿನವರಿಗೂ ಸಲ್ಲಬೇಕಾದದ್ದು.

ಶಿವಮೊಗ್ಗ ಸೀಮೆಯ ಬ್ಯಾಂಡೊಂದರ ಮೊದಲ ಆಲ್ಬಮ್ ಸಿದ್ಧವಾಗುವುದಾದರೆ ಎದುರಾಗುವ ತೊಡಕುಗಳು ಬಹುಮಟ್ಟಿಗೆ ಶ್ರುತಿಗೆ ಸಂಬಂಧಿಸಿದವು. ಸಾಮಾನ್ಯ ಟ್ರಂಪೆಟ್ ಬಿ ಫ್ಲಾಟ್ ಶ್ರುತಿಯದು, ಆಲ್ಟೊ ಸ್ಯಾಕ್ಸೋಫೋನ್ ಇ ಫ್ಲಾಟ್ ಶ್ರುತಿಯದು. ಒಂದೇ ಸ್ವರಲಿಪಿಯನ್ನು ಇಬ್ಬರ ಮುಂದಿಟ್ಟರೆ ಎರಡು ಬೇರೆ ಸ್ವರಗಳು ಹೊರಡುವುದರಿಂದ, ಪ್ರತಿ ವಾದ್ಯಕ್ಕೂ ಪ್ರತ್ಯೇಕವಾಗಿ ಲಿಪಿ ಬರೆಯಬೇಕಾಗುತ್ತದೆ, ಇಲ್ಲವೇ ಕಿವಿಯಿಂದಲೇ ಹೊಂದಿಸಿಕೊಳ್ಳಬೇಕಾಗುತ್ತದೆ. ಕಿವಿಯಿಂದ ಹೊಂದಿಸಿಕೊಳ್ಳುವ ವಿದ್ಯೆಯಲ್ಲಿ ಬೀದಿಯ ವಾದಕರು ಪಳಗಿದವರು. ಡಿಜೆ ಧ್ವನಿವರ್ಧಕಗಳು ಮೆರವಣಿಗೆಗಳನ್ನು ಆಕ್ರಮಿಸಿಕೊಂಡಿರುವ ಈ ಹೊತ್ತಿನಲ್ಲಿ ಆ ವಿದ್ಯೆಯನ್ನು ದಾಖಲಿಸುವ ಕೆಲಸಕ್ಕೆ ದೂರದ ಸ್ಟುಡಿಯೋವನ್ನೇ ನೆಚ್ಚಬೇಕಾಗಿಲ್ಲ. 1965ರಿಂದ ಮಲೆನಾಡಿನ ಮನೆಗಳಿಗೆ ಹಾಡು ಕೇಳಿಸುತ್ತಿರುವ ಆಕಾಶವಾಣಿ ಇರುವುದು ಭದ್ರಾವತಿಯಲ್ಲಿಯೇ.