ಕಾರಿನ ಜತೆ ಕಾಗದವೂ ಉಳಿಯಲಿ

ಜಮಖಂಡಿ ಆರ್‌ಟಿಒ ಕಚೇರಿಯ ಸಂಕೇತ ಕೆಎ 48. ಕಬ್ಬಿನ ಟ್ರ್ಯಾಕ್ಟರು, ಬೈಕು, ಮೊನ್ನೆ ಷೋರೂಮಿನಿಂದ ಬಂದ ಕಾರು ಎಲ್ಲದರ ಮೇಲೂ ಇದೇ ಸಂಖ್ಯೆ. ಆದರೆ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ಹೊಸದಾಗಿ ನೋಂದಾಯಿಸಿದರೆ ಈ 48 ಬರುವುದಿಲ್ಲ. ಕೆಎ ಆದ ಮೇಲೆ ವಿಎ, ಆಮೇಲೆ ಸರಣಿಯ ಎರಡು ಅಕ್ಷರ, ಕೊನೆಗೆ ನಾಲ್ಕು ಅಂಕಿ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ಇದನ್ನು ಸೇರಿಸಿತು. ಅಲ್ಲಿಯವರೆಗೆ ಇಂಥ ಕಾರುಗಳ ನೋಂದಣಿಗೆ, ಮಾರಾಟಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಪ್ರತ್ಯೇಕ ನಿಯಮವೇ ಇರಲಿಲ್ಲ.

ಈ ನಿಯಮ ತಡವಾಗಿ ಬಂತು ಎಂದು ನನಗೆ ಬೇಸರವಿದೆ. ನಮ್ಮ ಭಾಗಕ್ಕೆ ಅಮೆರಿಕನ್ ಕಾರು ಬಂದ ಕಥೆ ನೋಡಿದರೆ ಆ ಬೇಸರ ಯಾಕೆಂದು ಗೊತ್ತಾಗುತ್ತದೆ.

1948ಕ್ಕೆ ಮುಂಚೆ ಈ ಸೀಮೆ ಒಬ್ಬರ ಆಳ್ವಿಕೆಯಲ್ಲಿ ಇರಲಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರೆ, ಕೂಗಿದರೆ ಕೇಳಿಸುವಷ್ಟು ಹತ್ತಿರದ ಬನಹಟ್ಟಿ ಜಮಖಂಡಿಗೆ. ಬೀಳಗಿ ಮಾತ್ರ ಬ್ರಿಟಿಷರ ಮುಂಬೈ ಪ್ರಾಂತದಲ್ಲಿತ್ತು. ರೈಲು ಹತ್ತಲು ಒಂದೋ ಕುಡಚಿಗೆ ಹೋಗಬೇಕು, ಇಲ್ಲವೇ ಬಾಗಲಕೋಟೆಗೆ. ರಾಜರಿಗೂ ಸೀರೆ ವ್ಯಾಪಾರದ ಸಾವುಕಾರರಿಗೂ ಮೋಟಾರು ಬರೀ ಶೋಕಿಯಲ್ಲ, ಅಗತ್ಯವೂ ಆಗಿತ್ತು. ಎರೆ ನೆಲದ ದಾರಿಗೆ ನೆಲದಿಂದ ಎತ್ತರ ನಿಲ್ಲುವ, ಕಡಿಮೆ ಗೇರಿನಲ್ಲೂ ಜಗ್ಗುವ ಅಮೆರಿಕನ್ ಕಾರುಗಳು ಇಂಗ್ಲೆಂಡಿನ ಸಣ್ಣ ಕಾರುಗಳಿಗಿಂತ ಚೆನ್ನಾಗಿ ಒಗ್ಗಿದವು. ಎಲ್ಲರ ಮುಖವೂ ಮುಂಬೈ ಕಡೆಗೆ. ಫೋರ್ಡ್ ಕಂಪನಿ 1926ರಲ್ಲೇ ಭಾರತದ ಶಾಖೆ ತೆರೆದಿತ್ತು. ಜನರಲ್ ಮೋಟರ್ಸ್ 1928ರಲ್ಲಿ ಮುಂಬೈಯ ಶಿವ್ಡಿಯಲ್ಲಿ ಕಾರು ಜೋಡಿಸಲು ಶುರುಮಾಡಿತು.

ಬೆಂಗಳೂರಿನಲ್ಲೂ ಅಮೆರಿಕನ್ ಕಾರು ತಯಾರಾಗಬೇಕಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಸೋಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹಿರಾಚಂದ್ ಕೈಜೋಡಿಸಿದರು, ಕ್ರೈಸ್ಲರ್ ಕಂಪನಿಯೊಂದಿಗೆ ಮಾತಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತ್ತು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಬೆಂಗಳೂರಿನಲ್ಲಿ ಕಾರಿನ ಬದಲು ವಿಮಾನದ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಅದೇ. ಕಾರು ಮುಂಬೈ ಪಾಲಾಯಿತು. 1944ರಲ್ಲಿ ಹುಟ್ಟಿದ ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಿಸಿತು.

ಹೀಗೆ ಜೋಡಿಸಿ ಮಾರಿದವು ಬಹುತೇಕ ನಾಲ್ಕು ಬಾಗಿಲಿನವು. ಧಣಿ ಹಿಂದೆ ಕೂರುವುದು, ಡ್ರೈವರು ಮುಂದೆ ಕೂರುವುದು ನಮ್ಮಲ್ಲಿಯ ರೂಢಿ. ಎರಡೇ ಬಾಗಿಲಿನ ಕೂಪೆ ಅದಕ್ಕೆ ಹೊಂದುವುದಿಲ್ಲ. ಅದು ತಾನೇ ಓಡಿಸುವವನ ಕಾರು. ಫೋರ್ಡಿನವರ ಕಾಂಟಿನೆಂಟಲ್ ಮಾರ್ಕ್ 2 ಇಂಥದು. 1956 ಮತ್ತು 57ರ ಮಾದರಿಗಳೆಂದು ಸುಮಾರು 3 ಸಾವಿರ ಮಾತ್ರ ತಯಾರಾದವು, ಬೆಲೆ ಆಗಲೇ 10 ಸಾವಿರ ಡಾಲರಿನ ಆಸುಪಾಸು. ಇಂಥ ಕಾರು ಭಾರತದಲ್ಲಿ ಸಿಕ್ಕರೆ ಅದನ್ನು ಯಾರೋ ಸ್ವಂತ ಆಸೆಯಿಂದ ತರಿಸಿಕೊಂಡಿದ್ದಾರೆ ಎಂದೇ ತಿಳಿಯಬೇಕು. ಸ್ಟೀಯರಿಂಗ್ ಎಡಕ್ಕೆ ಇರುವುದೂ ಉಂಟು. ಮೋಟಾರು ವಾಹನ ಕಾಯ್ದೆಯ 120ನೇ ಕಲಮಿನ ಪ್ರಕಾರ ಎಡ ಸ್ಟೀಯರಿಂಗಿನ ಗಾಡಿಗೆ ನಿಗದಿಯಾದ ಸಿಗ್ನಲ್ ಸಾಧನ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಮಾರುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಐವತ್ತರ ದಶಕದಲ್ಲಿ ಫೋರ್ಡ್, ಜನರಲ್ ಮೋಟರ್ಸ್ ಎರಡೂ ದೇಶ ಬಿಟ್ಟವು. 1971ರ ಕೊನೆಯಲ್ಲಿ ಸಂವಿಧಾನದ 26ನೇ ತಿದ್ದುಪಡಿ ಮಾಜಿ ರಾಜರ ರಾಜಧನವನ್ನು ನಿಲ್ಲಿಸಿತು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಎಂಟು ಸಿಲಿಂಡರಿನ ಎಂಜಿನ್ನಿಗೆ ಪೆಟ್ರೋಲು ಕುಡಿಸುವುದು ಸಿರಿವಂತರಿಗೂ ಭಾರವಾಯಿತು. ದೊಡ್ಡ ಕಾರುಗಳಿಗೆ ನಿಜವಾದ ಕೇಡು ಆಗಿನಿಂದ. ಎಷ್ಟೋ ಕಾರುಗಳಿಂದ ಮೂಲ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸಿ ಬಾಡಿಗೆಗೆ ಬಿಟ್ಟರು, ಎಷ್ಟೋ ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು. ವಿದೇಶಿ ಸಂಗ್ರಾಹಕರು ಒಳ್ಳೆಯವನ್ನು ಆರಿಸಿ ಒಯ್ಯತೊಡಗಿದ ಮೇಲೆ ಎಪ್ಪತ್ತರ ದಶಕದಲ್ಲಿ ಸರ್ಕಾರ ವಿಂಟೇಜ್ ಕಾರುಗಳ ರಫ್ತಿಗೆ ತಡೆ ಹಾಕಿತು. ಕಾರುಗಳು ದೇಶದಲ್ಲೇ ಉಳಿದವು. ಮಾಲೀಕರಿಗೆ ಮಾತ್ರ ಅವನ್ನು ಮಾರಲು ನೆಟ್ಟಗಿನ ದಾರಿ ಸಿಗಲಿಲ್ಲ.

2021ರ ನಿಯಮ ಆ ದಾರಿ. ಮೊದಲ ನೋಂದಣಿಯಿಂದ 50 ವರ್ಷ ತುಂಬಿರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಡೀಸೆಲ್ ಎಂಜಿನ್ ಕೂಡಿಸಿದ ಕಾರುಗಳು ಇಲ್ಲಿಯೇ ಹೊರಗುಳಿಯುತ್ತವೆ. ಹೊಸ ನೋಂದಣಿಗೆ ಶುಲ್ಕ 20 ಸಾವಿರ ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5 ಸಾವಿರ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಮಾರಾಟಕ್ಕೆ ಅಡ್ಡಿಯಿಲ್ಲ, ಆದರೆ ಮಾರಿದವರೂ ಕೊಂಡವರೂ 90 ದಿನದೊಳಗೆ ತಮ್ಮ ತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

ಇದರಲ್ಲಿ ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸಿದ ಮಾತು ಬೇರೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ನಮ್ಮ ಊರುಗಳಿಗೆ ಇದು ಸಣ್ಣ ಸಂಗತಿಯಲ್ಲ. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಅದೇ ಕರ್ನಾಟಕ, 1997ರಲ್ಲಿ ಬಾಗಲಕೋಟೆ ಜಿಲ್ಲೆ. ಒಂದೇ ಮನೆಯಲ್ಲಿ ನಿಂತ ಕಾರು ಜಾಗ ಕದಲದೆಯೇ ಇಷ್ಟೆಲ್ಲ ಆಡಳಿತ ಕಂಡಿರುತ್ತದೆ. ಅದರ ಆರ್‌ಸಿ, ತೆರಿಗೆ ರಸೀದಿ, ವಿಮೆ ಕಾಗದಗಳಲ್ಲಿ ಆ ಮುದ್ರೆಗಳು ಸಾಲಾಗಿ ಬಿದ್ದಿರುತ್ತವೆ. ಕಾರಿನಿಂದ ಈ ಕಾಗದಗಳನ್ನು ಬೇರೆ ಮಾಡಿದರೆ ಉಳಿಯುವುದು ಚೆಂದದ ಕಬ್ಬಿಣ ಮಾತ್ರ. ಬೆಲೆಯೂ ಹಾಗೆಯೇ ಇಳಿಯುತ್ತದೆ.

ನಮ್ಮ ಒಣ ಹವೆ ತಗಡಿಗೆ ಒಳ್ಳೆಯದು, ಕರಾವಳಿಯಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ನಮ್ಮ ಭಯ ಹೊಳೆಯದು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದ್ದು ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯವರಿಗೆ ಮರೆತಿಲ್ಲ. ನೀರಲ್ಲಿ ನಿಂತ ಕಾರಿನ ಚಾಸಿಯ ಪೊಳ್ಳಿನಲ್ಲಿ, ಸೀಟಿನ ಸ್ಪ್ರಿಂಗಿನ ಕೆಳಗೆ, ವೈರಿಂಗಿನ ಕೂಡುಗಳಲ್ಲಿ ಹೊಳೆಯ ರಾಡಿ ವರ್ಷಗಟ್ಟಲೆ ಉಳಿಯುತ್ತದೆ. ಕೊಳ್ಳುವವರು ಬಾನೆಟ್ಟಿಗಿಂತ ಮೊದಲು ಅಲ್ಲಿ ಬೆರಳಾಡಿಸಬೇಕು. ಹೊಳೆ ನೀರು ಹೊಕ್ಕಿದ್ದರೆ ಮಾರುವವರು ತಾವಾಗಿಯೇ ಹೇಳಬೇಕು.

ಮನೆಯ ಕೊಟ್ಟಿಗೆಯಲ್ಲೋ ಹಳೆಯ ವಾಡೆಯಲ್ಲೋ ಇಂಥ ಕಾರು ಇರುವವರಲ್ಲಿ ನನ್ನ ವಿನಂತಿ ಇದು. ಮಾರುವ ಮುನ್ನ ಹೊಸ ಬಣ್ಣ ಬಳಿಸಬೇಡಿ. ಮಾಸಿದ ಮೂಲ ಬಣ್ಣಕ್ಕೆ ಅರಿತ ಗಿರಾಕಿ ಹೆಚ್ಚು ಕೊಡುತ್ತಾನೆ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಆರ್‌ಸಿಗೆ ತಾಳೆಯಾಗುತ್ತವೆಯೇ ನೋಡಿ. ಅಜ್ಜ ಕಾರಿನ ಪಕ್ಕ ನಿಂತ ಫೋಟೊ ಇದ್ದರೆ ಅದರ ಪ್ರತಿಯನ್ನೂ ಕಡತಕ್ಕೆ ಸೇರಿಸಿ. ಮುಂಬೈಗೆ ಕಳಿಸುವ ಮೊದಲು ಕರ್ನಾಟಕದ ಸಂಗ್ರಾಹಕರನ್ನು ಕೇಳಿ, ವಸ್ತುಸಂಗ್ರಹಾಲಯಗಳನ್ನೂ ವಿಚಾರಿಸಿ. ಧರ್ಮಸ್ಥಳದವರು ಹಳೆಯ ಕಾರುಗಳಿಗಾಗಿಯೇ 2023ರಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ತೆರೆದಿದ್ದಾರೆ. ಯಾರಿಗೇ ಕೊಡಿ, ಕಾಗದದ ಕಡತವನ್ನು ಕೀಲಿಯ ಜತೆಗೇ ಕೊಡಿ, 90 ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿ.